ಸಂದಿಗೊಂದು ದೀಪ

ಯಾರೂ ಕೂಡದ ಜಾಗಕ್ಕೆ ದೀಪವೇಕೆ ಎಂದು ನಿಮ್ಮ ಮನೆಯ ಹಿರಿಯರೊಬ್ಬರು ಕೇಳಿದರೆ, ಆ ಜಾಗದಲ್ಲಿ ನಿಜವಾಗಿಯೂ ಯಾರೂ ಕೂಡುವುದಿಲ್ಲ ಎಂದು ನೀವು ಖಚಿತವಾಗಿ ಹೇಳಬಲ್ಲಿರಾ?

ನಮ್ಮ ಮನೆಯಲ್ಲಿ ಈ ಪ್ರಶ್ನೆ ಕೇಳಿದವರು ನನ್ನ ತಂದೆ. ಎಂಬತ್ತರ ದಶಕದ ನಡುವಿನ ವರ್ಷಗಳ ಮಾತಿದು. ಧಾರವಾಡದಲ್ಲಿ ಕಾಲೇಜು ಮುಗಿಸಿ, ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಢಾಲುಗಳನ್ನು ಟ್ರಂಕಿನಲ್ಲಿ ತುಂಬಿಕೊಂಡು ಊರಿಗೆ ಮರಳಿದ್ದ ನಾನು ಪಕ್ಕದೂರಿನ ಪ್ರೌಢಶಾಲೆಯಲ್ಲಿ ಮಾಸ್ತರನಾಗಿದ್ದೆ. ಸಮಾಜವನ್ನು ತಿದ್ದಲು ಸಾಧ್ಯ, ತಿದ್ದುವ ಕೆಲಸ ಮಾತಿನಿಂದ ಮೊದಲಾಗಬೇಕು, ಮಾತಿಗೆ ಆಧಾರವಿರಬೇಕು ಎಂಬುದು ನನ್ನ ನಂಬಿಕೆಯಾಗಿತ್ತು. ಈಗಲೂ ಅದನ್ನು ಬಿಟ್ಟಿಲ್ಲ. ಆದರೆ ಹೊತ್ತುಕೊಂಡು ತಿರುಗಿ ಭುಜ ಸೋತಿದೆ.

ಕುಂದಗೋಳ ತಾಲೂಕಿನಲ್ಲಿ, ಸಂಶಿಯ ಕಡೆ ಹೋಗುವ ಬಸ್ಸಿನಿಂದ ಇಳಿದು ಎರೆಹೊಲಗಳ ನಡುವೆ ನಡೆದು ಸೇರಬೇಕಾದ ಊರು ನಮ್ಮದು. ದಪ್ಪ ಮಣ್ಣಿನ ಗೋಡೆಯ, ಮಣ್ಣಿನ ಮಾಳಿಗೆಯ ಮನೆ. ತಲೆಬಾಗಿಲು ದಾಟಿದರೆ ಎತ್ತುಗಳನ್ನು ಕಟ್ಟುವ ತಗ್ಗಿನ ಜಾಗ, ಅದಕ್ಕೆ ಹೊಂದಿಕೊಂಡು ಎತ್ತರದ ಪಡಸಾಲೆ. ಪಡಸಾಲೆಯ ಒಳಬಾಗಿಲಿನಿಂದ ಅಡುಗೆಮನೆಯವರೆಗೆ ಒಂದು ಉದ್ದನೆಯ ಇಕ್ಕಟ್ಟಾದ ಹಾದಿ. ಅದರ ಒಂದು ಬದಿಗೆ ಜೋಳ ಗೋದಿಯ ಚೀಲಗಳ ಸಾಲು, ಇನ್ನೊಂದು ಬದಿಗೆ ಬರಿಯ ಗೋಡೆ. ಕಿಟಕಿ ಇಲ್ಲ. ಮಾಳಿಗೆಯಲ್ಲಿ ಅಂಗೈಯಗಲದ ಬೆಳಕಿಂಡಿಯೊಂದಿತ್ತು. ಮಳೆಗಾಲದಲ್ಲಿ ಅದರ ಮೇಲೆ ಗಡಿಗೆ ಬೋರಲು ಹಾಕಿ ಅದನ್ನೂ ಮುಚ್ಚುತ್ತಿದ್ದೆವು. ಮನೆಯವರೆಲ್ಲ ಆ ಹಾದಿಯನ್ನು ಸಂದಿ ಎಂದು ಕರೆಯುತ್ತಿದ್ದರು. ಪಡಸಾಲೆಗೆ ಅರವತ್ತು ವ್ಯಾಟಿನ ಬಲ್ಬಿತ್ತು, ಅಡುಗೆಮನೆಗೆ ನಲವತ್ತರದು, ದೇವರ ಜಗುಲಿಗೆ ಒಂದು ಪುಟ್ಟ ಕೆಂಪು ದೀಪ. ಸಂದಿಗೆ ಏನೂ ಇರಲಿಲ್ಲ.

ದಿನವೂ ಸಂಜೆ ನಾನು ಪಡಸಾಲೆಯಲ್ಲಿ ಕೂತು ದಿನಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದೆ. ತಂದೆ, ಅಣ್ಣ, ಓಣಿಯ ನಾಲ್ಕಾರು ಹಿರಿಯರು ಕಂಬಳಿಯ ಮೇಲೆ ಕೂತು ಕೇಳುತ್ತಿದ್ದರು. ಇವರು ಕಣ್ಣಿಗೆ ಕಾಣುವ ಕೇಳುಗರು. ಕಾಣದವರು ಸಂದಿಯಲ್ಲಿದ್ದರು: ಅಣ್ಣನ ಹೆಂಡತಿ, ಅಂದರೆ ನನ್ನ ವೈನಿ, ಮತ್ತು ಹಿತ್ತಲ ಬಾಗಿಲಿನಿಂದ ಬಂದು ಸೇರುವ ನೆರೆಮನೆಯ ಇಬ್ಬರು ಹೆಂಗಸರು. ಅವರು ಚೀಲಗಳಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂಡುತ್ತಿದ್ದರು. ಪಡಸಾಲೆಯ ಬಲ್ಬಿನ ಬೆಳಕು ಬಾಗಿಲಿನಿಂದ ಒಂದು ಪಟ್ಟಿಯಾಗಿ ಒಳಗೆ ಬೀಳುತ್ತಿತ್ತು. ಆ ಪಟ್ಟಿಯ ಅಂಚಿಗೆ ಬಟ್ಟೆಯನ್ನು ಚಾಚಿ ವೈನಿ ಹಳೆ ಬಟ್ಟೆಯ ತುಂಡುಗಳ ಕೌದಿ ಹೊಲಿಯುತ್ತಿದ್ದರು. ಕೈಯಷ್ಟೇ ಬೆಳಕಿನಲ್ಲಿ, ಉಳಿದ ಮೈಯೆಲ್ಲ ಕತ್ತಲಲ್ಲಿ.

ನಸುಕಿನಲ್ಲಿ ಎದ್ದರೆ ರೊಟ್ಟಿ, ನೀರು, ಹೆಂಡಿಕಸ, ಹೊಲಕ್ಕೆ ಬುತ್ತಿ, ಮತ್ತೆ ರೊಟ್ಟಿ. ನನ್ನ ತಾಯಿ ತೀರಿಕೊಂಡ ಮೇಲೆ ಇಡೀ ಮನೆ ವೈನಿಯ ತಲೆಯ ಮೇಲೆ ಬಂದಿತ್ತು. ದಿನದಲ್ಲಿ ಅವರು ಕೂಡುತ್ತಿದ್ದ ಹೊತ್ತೆಂದರೆ ಅದೊಂದೇ. ಕೂತು ಕೇಳುವುದಷ್ಟೇ ಅಲ್ಲ, ಕತ್ತಲಿನಿಂದ ಮಾತೂ ಆಡುತ್ತಿದ್ದರು. "ತಮ್ಮಾ, ಆ ಬಸ್ಸಿನ ಸುದ್ದಿ ಇನ್ನೊಮ್ಮೆ ಓದು," ಎನ್ನುವರು. ಮಂತ್ರಿಗಳ ಭಾಷಣ ಬಂದರೆ, "ಅದನ್ನ ದಾಟಿಸಿ ಮುಂದ ಹೋಗು, ನಮಗ ರೊಟ್ಟಿ ಬಡಿಯೂದೈತಿ," ಎನ್ನುವರು. ಪಡಸಾಲೆಯ ಹಿರಿಯರು ನಗುತ್ತಿದ್ದರು, ಆದರೆ ಆ ದನಿ ಯಾರದೆಂದು ತಿರುಗಿ ನೋಡುತ್ತಿರಲಿಲ್ಲ. ಅದು ಆ ಮನೆಯ ಮರ್ಯಾದೆ.

ಆ ವರ್ಷ ವೈನಿಯ ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬರುವವಳಿದ್ದಳು. ಕೂಸಿಗೆಂದು ಹಳೆಯ ಮೆತ್ತನೆಯ ಸೀರೆಗಳನ್ನು ಕತ್ತರಿಸಿ ವೈನಿ ಹೊಸ ಕೌದಿಯೊಂದಕ್ಕೆ ಕೈಹಚ್ಚಿದ್ದರು. ಒಂದು ಸಂಜೆ ನಾನು ನೀರು ಕುಡಿಯಲು ಸಂದಿಯಲ್ಲಿ ಹಾಯ್ದು ಹೋಗುವಾಗ ನನ್ನನ್ನು ತಡೆದರು.

"ತಮ್ಮಾ, ಸೂಜಿಗೆ ದಾರಾ ಪೋಣಿಸಿ ಕೊಡು. ಈಗೀಗ ತೂತು ಎರಡೆರಡು ಕಾಣತಾವ, ಯಾವುದರಾಗ ಹಾಕಬೇಕಂತ ತಿಳಿವಲ್ದು."

"ತಲಿ ನೋಯತೈತೇನ್ರಿ ವೈನಿ?"

"ದಿನಾ ನೋಯತೈತಿ. ಇಲ್ಲಿ ಕೂತ್ರ ಕಣ್ಣು ನೋಯತಾವ, ಕೂಡದಿದ್ರ ಕಾಲು ನೋಯತಾವ. ಕಾಲಿಗಿಂತ ಕಣ್ಣು ಪಾಡ ಅಂತ ಕೂಡತೇನಿ."

ದಾರ ಪೋಣಿಸಿ ಕೊಟ್ಟು ಪಡಸಾಲೆಗೆ ಮರಳುವ ಹೊತ್ತಿಗೆ ನನ್ನ ನಿರ್ಧಾರವಾಗಿತ್ತು. ಸಂದಿಗೆ ದೀಪ ಬೇಕೆಂದೆ. ಆಗ ತಂದೆಯವರು ಆ ಪ್ರಶ್ನೆ ಕೇಳಿದರು.

"ಯಾರೂ ಕೂಡದ ಜಾಗಕ್ಕ ದೀಪ ಯಾಕ?"

ಸಂದಿಯಲ್ಲಿ ಸೊಸೆ ಕೂಡುತ್ತಾಳೆಂಬುದು ಅವರಿಗೆ ಗೊತ್ತಿತ್ತು. ಹಾಗೆ ಬಾಯಿಬಿಟ್ಟು ಹೇಳುವಂತಿರಲಿಲ್ಲ, ಹೇಳಿದರೆ ಮಾವನು ಸೊಸೆ ಕೂತಿದ್ದನ್ನು ನೋಡಿದಂತಾಗುತ್ತಿತ್ತು. ಇದನ್ನು ನಾನು ಆಗ ಅರಿಯದೆ, ಕಾಲೇಜಿನಲ್ಲಿ ಕಲಿತಂತೆ ಎದ್ದು ನಿಂತು ನನ್ನ ಪಕ್ಷವನ್ನು ಮಂಡಿಸಿದೆ. ಕತ್ತಲೆಯ ಹಾದಿ ಅಪಾಯಕರ; ಚೀಲಗಳ ನಡುವೆ ಹುಳಹುಪ್ಪಡಿ ಇರುತ್ತವೆ; ಮನೆಯ ಒಂದು ಭಾಗಕ್ಕೆ ಬೆಳಕು ಕೊಟ್ಟು ಇನ್ನೊಂದಕ್ಕೆ ಕೊಡದಿರುವುದು ತತ್ವದ ದೃಷ್ಟಿಯಿಂದಲೂ ಸರಿಯಲ್ಲ. ಅಣ್ಣ ಗೋಡೆಗೆ ಒರಗಿ ಎಲೆಗೆ ಸುಣ್ಣ ಸವರುತ್ತಿದ್ದ.

"ಅಪ್ಪಾ, ಹಾಕಸ್ರಿ ಒಂದು ದೀಪಾ. ಕಾಲೇಜಿನಾಗ ಮಾತು ಉದ್ದಾದ್ರ ಇವಂಗ ಗಂಟಿ ಬಾರಿಸಿ ಕೂಡಸ್ತಿದ್ರು. ಇಲ್ಲಿ ಎತ್ತಿನ ಕೊಳ್ಳಾಗಿನ ಗಂಟಿ ಬಿಟ್ರ ಬ್ಯಾರೆ ಇಲ್ಲ."

"ಎಂಥಾದು ಹಾಕಸಬೇಕಂತಾನ?" ಎಂದು ತಂದೆಯವರು ನನ್ನನ್ನು ಬಿಟ್ಟು ಅಣ್ಣನನ್ನೇ ಕೇಳಿದರು.

"ಇಲ್ಲೈತಲ್ಲ, ಅಂಥಾದ ಒಂದು ಅರವತ್ತರದು. ಮುಗೀತು."

ಮುಗಿಯಲು ನಾನು ಬಿಡಲಿಲ್ಲ. ಬಲ್ಬಿನ ಗಾಜು ಮುಟ್ಟಿದರೆ ಕೈ ಸುಡುತ್ತದೆ. ಆ ಬಿಸಿಯೆಲ್ಲ ಬೆಳಕಾಗದೆ ಪೋಲಾದ ವಿದ್ಯುತ್ತು. ಟ್ಯೂಬ್‌ಲೈಟು ಕಡಿಮೆ ವಿದ್ಯುತ್ತು ತಿಂದು ಹೆಚ್ಚು ಬೆಳಕು ಕೊಡುತ್ತದೆ, ಬಹುಕಾಲ ಬಾಳುತ್ತದೆ, ನೆರಳು ಬೀಳಿಸುವುದಿಲ್ಲ. ನಾಡಿನಲ್ಲಿ ವಿದ್ಯುತ್ತಿನ ಕೊರತೆ ಇರುವಾಗ ಮಿತವ್ಯಯ ಪ್ರತಿ ಮನೆಯ ಕರ್ತವ್ಯ. ತಂದೆಯವರು ಮೀಟರಿನ ಚಕ್ರ ಹೆಚ್ಚು ತಿರುಗಬಾರದು ಎಂಬ ಒಂದೇ ಶರತ್ತು ಹಾಕಿ ಒಪ್ಪಿದರು. ಇಷ್ಟೆಲ್ಲ ನಡೆಯುವಾಗ ವೈನಿ ಬಾಗಿಲಿನ ಆಚೆಗೆ, ಕೈಯಳತೆಯ ದೂರದಲ್ಲಿ, ಕೌದಿ ಹೊಲಿಯುತ್ತ ಕೂತಿದ್ದರು. ಸೂಜಿ ಬಟ್ಟೆಯಲ್ಲಿ ಹಾಯುವ ಸದ್ದು ನಮಗೆಲ್ಲ ಕೇಳಿಸುತ್ತಿತ್ತು.

ಮುಂದಿನ ರವಿವಾರ ಹುಬ್ಬಳ್ಳಿಗೆ ಹೋಗಿ ನಾಲ್ಕಡಿಯ ಟ್ಯೂಬು, ಪಟ್ಟಿ, ಚೋಕು ಕೊಂಡೆ. ಮರಳುವ ಬಸ್ಸಿನಲ್ಲಿ ರಟ್ಟಿನ ಕೊಳವೆಯನ್ನು ಮೊಣಕಾಲುಗಳ ನಡುವೆ ನೆಟ್ಟಗೆ ಹಿಡಿದುಕೊಂಡು ನಿಂತಿದ್ದೆ. ಕಂಡಕ್ಟರು ಜನರನ್ನು ಸೀಳಿಕೊಂಡು ಬಂದು ಅದನ್ನು ಬೆರಳಿನಿಂದ ತಟ್ಟಿದ.

"ಏನ್ರಿ ಮಾಸ್ತರ, ಬಂದೂಕೇನು?"

"ಟ್ಯೂಬ್‌ಲೈಟ್ರಿ. ತಟ್ಟಬ್ಯಾಡ್ರಿ."

"ಹಂಗಾರ ಇದಕ್ಕೂ ಒಂದು ತಿಕೀಟು ತಗೋರಿ. ನಿಮ್ಮಕಿಂತ ನೆಟ್ಟಗ ನಿಂತೈತಿ."

ಕಿಟಕಿಯ ಬದಿಯ ಮುದುಕಿಯೊಬ್ಬಳು ಕೈಚಾಚಿದಳು. "ಇತ್ತ ಕೊಡಪಾ, ತೊಡಿಮ್ಯಾಲ ಮಲಗಿಸ್ಕೋತೇನಿ. ನಿನ್ನ ಕೈಯಾಗ ಅದು ಊರು ಮುಟ್ಟೂದಿಲ್ಲ." ಊರಿನ ದಾರಿ ಬರುವವರೆಗೆ ಆಕೆ ಅದನ್ನು ಕೂಸಿನಂತೆ ಅಡ್ಡ ಹಿಡಿದು ಕೂತಿದ್ದಳು. ಅಂದು ನಾನು ಬಹಳ ಸಂತೋಷದಲ್ಲಿದ್ದೆ.

ವೈರಿಂಗ್ ಮಾಡುವವನು ಟ್ಯೂಬನ್ನು ಸಂದಿಯ ಗೋಡೆಯ ಮೇಲ್ತುದಿಗೆ, ಪಡಸಾಲೆಯ ಬಾಗಿಲಿಗೆ ಹತ್ತಿರವಾಗಿ ಕೂರಿಸಿದ. ಹೊತ್ತು ಮುಳುಗುತ್ತಿತ್ತು. ಸಂಜೆ ದೀಪ ಹತ್ತಿದೊಡನೆ ಅದಕ್ಕೆ ಕೈಮುಗಿಯುವುದು ನಮ್ಮ ಮನೆಯ ರೂಢಿ. ಎಣ್ಣೆಯ ದೀಪಕ್ಕೆ ಮುಗಿಯುತ್ತಿದ್ದವರು ಬಲ್ಬು ಬಂದ ಮೇಲೆ ಬಲ್ಬಿಗೆ ಮುಗಿದರು. ತಂದೆಯವರು ಹಣೆಗೆ ವಿಭೂತಿ ಧರಿಸಿ ಒಳಬಾಗಿಲಲ್ಲಿ ಬಂದು ನಿಂತು ಕೈ ಜೋಡಿಸಿದರು. ನಾನು ಬಟನ್ ಒತ್ತಿದೆ. ಟ್ಯೂಬು ಒಮ್ಮೆ ಮಿಣುಕಿತು, ಆರಿತು, ಮತ್ತೆ ಮಿಣುಕಿತು. ಊರಿನ ಹಿಟ್ಟಿನ ಗಿರಣಿ ನಡೆಯುವ ಹೊತ್ತದು. ಗಿರಣಿ ಶುರುವಾದರೆ ಊರಿನ ದೀಪಗಳೆಲ್ಲ ಸೊರಗುತ್ತಿದ್ದವು. ಎರಡು ತುದಿಗಳು ಕೆಂಪಗಾಗಿ ನಡುವೆ ಏನೂ ಇಲ್ಲ.

"ಇದು ಬರತೈತೋ ಇಲ್ಲೋ ಹೇಳು," ಎಂದರು ತಂದೆಯವರು. "ಕೈ ಇಳಸಲ್ಯೋ ಬ್ಯಾಡೋ?"

"ಬರತೈತ್ರಿ ಅಪ್ಪಾ, ತುಸು ತಡೀರಿ."

"ದೇವರ ಮುಂದೂ ಇಷ್ಟೊತ್ತು ನಿಂತಿಲ್ಲ," ಎಂದ ಅಣ್ಣ.

ಗಿರಣಿ ನಿಂತಿತೋ ಏನೋ, ಟ್ಯೂಬು ಇದ್ದಕ್ಕಿದ್ದಂತೆ ಪೂರ್ತಿ ಹತ್ತಿತು. ತಂದೆಯವರು ಕೈಮುಗಿದು ಹೊರಟರು. ಸಂದಿ ಅಗದಿ ಬೆಳ್ಳಗಾಗಿತ್ತು. ಗೋಡೆಯ ಬಿರುಕು, ಚೀಲದ ಹೊಲಿಗೆ, ಮೂಲೆಯ ಜೇಡನ ಬಲೆ, ನೆಲ ಸಾರಿಸಿದ ಕೈಯ ಗುರುತು, ಎಲ್ಲವೂ ಸ್ಪಷ್ಟವಾಗಿ ಕಂಡವು. ಇಷ್ಟು ದಿನ ನಮ್ಮ ಮನೆಯಲ್ಲೇ ಇದ್ದು ನಾವು ನೋಡದ ಜಾಗವನ್ನು ನಾನು ಬೆಳಕಿಗೆ ತಂದೆನೆಂದು ಹೆಮ್ಮೆಪಟ್ಟೆ. ಪತ್ರಿಕೆ ಬಿಚ್ಚಿದೆ. ವೈನಿ ಎಂದಿನಂತೆ ಬಂದು ಕೌದಿಯನ್ನು ತೊಡೆಯ ಮೇಲೆ ಹರಡಿಕೊಂಡು ಕೂತರು.

ಮೊದಲ ಸುದ್ದಿ ಮುಗಿಯುವ ಮೊದಲೇ ಓಣಿಯ ಹಿರಿಯರೊಬ್ಬರು ಪಡಸಾಲೆ ಏರಿದರು. ಅವರ ಕಣ್ಣು ಬೆಳಕಿದ್ದ ಕಡೆ ಹೋಯಿತು. ವೈನಿ ಎದ್ದು ನಿಂತು ಸೆರಗು ಎಳೆದುಕೊಂಡರು. ಅವರು ಕೂತ ಮೇಲೆ ವೈನಿಯೂ ಕೂತರು. ಇನ್ನೊಬ್ಬರು ಬಂದರು, ವೈನಿ ಮತ್ತೆ ಎದ್ದರು. ತಂದೆಯವರು ಕೆಮ್ಮಿ ಇತ್ತ ಹೊರಳಿದರು, ವೈನಿ ಮತ್ತೆ ಎದ್ದರು. ಎದ್ದಾಗೆಲ್ಲ ಕೌದಿ ಕಾಲಿಗೆ ಸುತ್ತಿಕೊಳ್ಳುತ್ತಿತ್ತು, ತುಂಡುಗಳು ಜಾರುತ್ತಿದ್ದವು, ದಾರ ಗಂಟು ಬೀಳುತ್ತಿತ್ತು. ಹಿರಿಯರ ಕಣ್ಣಿಗೆ ಬಿದ್ದಾಗ ಸೊಸೆಯಾದವಳು ಕೂತಿರಬಾರದು ಎಂಬುದು ನಮ್ಮ ಕಡೆಯ ರೀತಿ. ಕತ್ತಲಲ್ಲಿ ಕೂತವಳು ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದ ಕೂಡಬಹುದು. ಹೆಂಗಸರು ತಲೆತಲಾಂತರದಿಂದ ಕಂಡುಕೊಂಡಿದ್ದ ಆ ಒಂದು ಆಸರೆಯ ಮೇಲೆ ನಾಲ್ಕಡಿಯ ಟ್ಯೂಬು ಉರಿಯುತ್ತಿತ್ತು. ನೆರೆಮನೆಯ ಇಬ್ಬರೂ ಅಡುಗೆಮನೆಯ ಬಾಗಿಲವರೆಗೆ ಬಂದು, ಬೆಳಕನ್ನು ನೋಡಿ, ಹಾಗೆಯೇ ಹಿಂದಿರುಗಿದರು. ಮತ್ತೊಬ್ಬ ಹಿರಿಯರು ಬಂದಾಗ ವೈನಿ ಕೌದಿಯನ್ನು ಸುತ್ತಿಕೊಂಡು ಒಳಗೆ ಹೋದರು. ಮತ್ತೆ ಬರಲಿಲ್ಲ.

ಮರುದಿನವೂ ಬರಲಿಲ್ಲ, ಅದರ ಮರುದಿನವೂ. ಸಂದಿ ಖಾಲಿಯಾಗಿ ಬೆಳಗುತ್ತಿತ್ತು. ನನ್ನ ಓದು ತಾನಾಗಿಯೇ ತಗ್ಗಿತ್ತು. ನನಗೆ ಅದು ತಿಳಿದದ್ದು ತಂದೆಯವರು ಹೇಳಿದಾಗ.

"ಜೋರ ಓದು. ಮೊದಲ ಒಳಗಿನವರಿಗೆ ಕೇಳೂಹಂಗ ಓದತಿದ್ದಿ."

"ಒಳಗ ಯಾರದಾರಪಾ ಈಗ?" ಎಂದ ಅಣ್ಣ. "ದೀಪಾ ಒಂದ ಕೂತು ಕೇಳಾಕತ್ತೈತಿ."

ನಾನು ಪತ್ರಿಕೆ ಮಡಚಿಟ್ಟು ಅಡುಗೆಮನೆಗೆ ಹೋದೆ. ವೈನಿ ರೊಟ್ಟಿ ಬಡಿಯುತ್ತಿದ್ದರು. ಕೌದಿ ಕಟ್ಟಿಗೆಯ ರಾಶಿಯ ಮೇಲೆ ಸುತ್ತಿಟ್ಟ ಹಾಗೆಯೇ ಇತ್ತು. ಹೊಗೆಯಲ್ಲಿ ಅದನ್ನು ಹೊಲಿಯುವಂತಿರಲಿಲ್ಲ.

"ವೈನಿ, ನೀವು ಪಡಸಾಲಿಗೇ ಬಂದು ಕೂಡ್ರಿ," ಎಂದೆ. "ಸಂದ್ಯಾಗ ಯಾಕ ಮುಚ್ಚಿಕೊಂಡು ಕೂಡಬೇಕು? ಈ ಮನಿ ನಿಮ್ಮದೂ ಹೌದಲ್ಲ? ಎದ್ದು ನಿಲ್ಲೂದು ಬಿಟ್ಟುಬಿಡ್ರಿ. ಒಬ್ಬರು ಬಿಟ್ರ ನಾಳೆ ಊರ ಬಿಡತೈತಿ."

ಅವರು ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ಅದು ಬೆಂದ ಮೇಲೆ ತಿರುವಿ ಹಾಕಿದರು.

"ನೀ ಹೇಳೂದೆಲ್ಲ ಖರೇ ಐತಿ ತಮ್ಮಾ. ಮಿಶ್ರಿಕೋಟ್ಯಾಗ ಭಾಷಣ ಮಾಡಿ ಬಂದಾಗೂ ಇದನ್ನ ಹೇಳಿದ್ದಿ, ನಾ ಕೇಳೇನಿ. ಆದರ ನನಗ ಸೂಜಿ ಕಾಣಬೇಕಿತ್ತು. ನಾ ಕಾಣಬೇಕಾಗಿದ್ದಿಲ್ಲ."

ನಾನು ಬಿಡದೆ ಕೇಳಿದೆ: "ಹಿಂಗ ಎಷ್ಟು ದಿನಾ ವೈನಿ?"

"ನನಗ್ಯಾಕ ಕೇಳತಿ? ನಿಮ್ಮಪ್ಪಗ ಕೇಳು. ಕುಂಡ್ರು ಅಂತ ಅನ್ನಬೇಕಾದವರು ಅವರು. ಅವರು ಅಂದ್ರ ನಾ ಏಳೂದಿಲ್ಲ."

ಅದೇ ಸಂಜೆ ಕೇಳಿದೆ. ಹಿರಿಯರೆಲ್ಲ ಎದ್ದುಹೋದ ಮೇಲೆ, ತಂದೆಯವರು ಒಬ್ಬರೇ ಇದ್ದಾಗ. ಎದ್ದು ನಿಂತು ಮಂಡಿಸಲಿಲ್ಲ, ಅವರ ಪಕ್ಕದಲ್ಲಿ ಕೂತು ಕೇಳಿದೆ. ಅವರು ಕೋಲಿನ ತುದಿಯಿಂದ ಕಂಬಳಿಯ ಅಂಚನ್ನು ಸರಿಪಡಿಸಿದರು.

"ಎದ್ದು ನಿಲ್ಲು ಅಂತ ನಾ ಯಾವಾಗ ಅಂದೇನಿ?"

"ಅಂದಿಲ್ರಿ. ಕುಂಡ್ರು ಅಂತ ಒಮ್ಮೆ ಅಂದ್ರ ಸಾಕು."

"ಆಕಿ ಈ ಮನಿಗೆ ಬಂದಾಗಿಂದ ನಾ ಆಕಿ ಜೋಡಿ ನೇರ ಮಾತಾಡಿಲ್ಲ. ನಿಮ್ಮವ್ವ ಇದ್ದಾಗ ಆಕಿ ಕಡಿಂದ ಹೇಳಸ್ತಿದ್ದೆ. ಈಗ ನಿಮ್ಮಣ್ಣನ ಕಡಿಂದ. ಒಮ್ಮಿಂದೊಮ್ಮೆ ಕುಂಡ್ರು ಅಂದ್ರ, ನಾ ಏನೋ ಸಿಟ್ಟಿಗೆದ್ದೇನಿ ಅಂತ ತಿಳದಾಳು."

ಅವರ ದನಿಯಲ್ಲಿ ಹಟವಿರಲಿಲ್ಲ, ಸಂಕೋಚವಿತ್ತು. ಚರ್ಚಾವೇದಿಕೆಯಲ್ಲಿ ಎದುರು ಪಕ್ಷವೊಂದಿರುತ್ತದೆ, ಅದು ಒಂದು ಮಾತನ್ನು ಸಾಧಿಸುತ್ತದೆ, ನಾವು ಅದನ್ನು ಖಂಡಿಸುತ್ತೇವೆ. ಇಲ್ಲಿ ಆಜ್ಞೆ ಮಾಡಿದವರೇ ಯಾರೂ ಇರಲಿಲ್ಲ. ಹೊರಡಿಸದ ಆಜ್ಞೆಯನ್ನು ಹಿಂತೆಗೆದುಕೊಳ್ಳಿ ಎಂದು ಯಾರನ್ನು ಕೇಳುವುದು? ಆ ಮುದುಕರು ಸೊಸೆ ಕೂಡಲೆಂದು ಬಯಸುತ್ತಿದ್ದರು, ಸೊಸೆ ಅವರ ಒಂದು ಮಾತಿಗೆ ಕಾದಿದ್ದಳು. ಇಬ್ಬರ ನಡುವೆ ಹತ್ತು ಹೆಜ್ಜೆಯ ಹಾದಿ. ಅದರಲ್ಲಿ ನಾನು ಟ್ಯೂಬು ಹಾಕಿಸಿದ್ದೆ. ಆ ಸಂಜೆ ನನ್ನೊಳಗೆ ಹೊಕ್ಕ ದಣಿವು ಆಮೇಲೆ ಪೂರ್ತಿ ಹೋಗಲೇ ಇಲ್ಲ.

ಮಗಳು ಬರುವ ದಿನ ಹತ್ತಿರವಾಗುತ್ತಿತ್ತು. ವೈನಿಯ ಬಳಿಗೆ ಹೋಗಿ, ನಿಮಗೆ ಎಂಥ ದೀಪ ಬೇಕೆಂದು ಕೇಳಿದೆ. ಮೊದಲು ಬೇಡವೆಂದರು. ಮತ್ತೆ ಕೇಳಿದ್ದಕ್ಕೆ, "ನನಗೇನ ತಿಳಿತೈತಿ" ಎಂದರು. ಮೂರನೆಯ ಸಲ ಕೌದಿಯ ಗಂಟು ಬಿಚ್ಚಿ, ಕೆಂಪು ಇಳಕಲ್ಲ ಸೀರೆಯ ಒಂದು ತುಂಡನ್ನೂ ಕಂದು ಬಣ್ಣದ ಇನ್ನೊಂದು ತುಂಡನ್ನೂ ತೆಗೆದು ಕೈಗಿಟ್ಟರು.

"ನಿನ್ನ ಬಿಳಿ ದೀಪದಾಗ ಇವೆರಡೂ ಒಂದ ಕಾಣತಾವ. ಒಂದು ಸಾಲು ತಪ್ಪು ಹೊಲದು ಬಿಚ್ಚೇನಿ. ಇವು ಬ್ಯಾರೆ ಬ್ಯಾರೆ ಕಾಣೂ ದೀಪಾ ತಾ. ಸಣ್ಣದ ಇರಲಿ. ನನ್ನ ತೊಡಿಮ್ಯಾಲ ಬಿದ್ರ ಸಾಕು, ಮಾಳಿಗಿ ಮ್ಯಾಲ ಬೀಳೂದು ಬ್ಯಾಡ."

ಇಷ್ಟು ಸ್ಪಷ್ಟವಾದ ಬೇಡಿಕೆಯನ್ನು ನಾನು ಅದುವರೆಗೆ ಯಾವ ಸಭೆಯಲ್ಲೂ ಕೇಳಿರಲಿಲ್ಲ. ತುಂಡುಗಳನ್ನು ಜೇಬಿನಲ್ಲಿಟ್ಟುಕೊಂಡು ಹುಬ್ಬಳ್ಳಿಯ ಅದೇ ಅಂಗಡಿಗೆ ಹೋದೆ. ಅಂಗಡಿಕಾರರು ನನ್ನನ್ನು ಗುರುತಿಸಿದರು.

"ಯಾಕ್ರಿ, ಟ್ಯೂಬು ಕೈಕೊಡ್ತೇನು?"

"ಇಲ್ರಿ. ಅದು ಭಾಳ ಬೆಳಕು ಕೊಡತೈತಿ. ಒಂದು ಸಣ್ಣ ಬಲ್ಬು ಬೇಕಿತ್ತು."

"ಮಂದಿ ಬಲ್ಬು ಬಿಟ್ಟು ಟ್ಯೂಬಿಗೆ ಹೊಂಟಾರ. ನೀವು ಉಲ್ಟಾ ಹೊಂಟೀರಲ್ರಿ."

ನಾನು ಬಟ್ಟೆಯ ತುಂಡುಗಳನ್ನು ಗಲ್ಲೆಯ ಮೇಜಿನ ಮೇಲೆ ಹರಡಿ, ಹದಿನೈದರದು, ಇಪ್ಪತ್ತೈದರದು, ನಲವತ್ತರದು ಒಂದೊಂದಾಗಿ ಹಚ್ಚಿ ತೋರಿಸಲು ಕೇಳಿಕೊಂಡೆ. ಅವರು ಕನ್ನಡಕವನ್ನು ಹಣೆಗೇರಿಸಿದರು.

"ದೀಪಾ ತಗೋಳಾಕ ಬಂದೀರೋ, ಸೀರಿ ತಗೋಳಾಕ ಬಂದೀರೋ?"

"ಎರಡೂ ಅಲ್ರಿ, ಕೌದಿ ಹೊಲ್ಯಾಕ."

ಅವರು ನಗುತ್ತಲೇ ಒಳಗಿನ ಕತ್ತಲೆ ಕೋಣೆಗೆ ಕರೆದೊಯ್ದು ಹಚ್ಚಿ ತೋರಿಸಿದರು. ಹದಿನೈದರ ಬಲ್ಬಿನಲ್ಲಿ ಎರಡು ತುಂಡುಗಳೂ ಮಂಕಾಗಿ ಕಂಡವು. ನಲವತ್ತರದಲ್ಲಿ ಚೆನ್ನಾಗಿ ಕಂಡವು, ಆದರೆ ಹತ್ತಿರ ಹಿಡಿದರೆ ಕಣ್ಣಿಗೆ ಚುಚ್ಚುತ್ತಿತ್ತು. ಇಪ್ಪತ್ತೈದರದನ್ನು ಮೊಳದಷ್ಟು ಹತ್ತಿರ ತಂದಾಗ ಕೆಂಪು ಕೆಂಪಾಗಿ, ಕಂದು ಕಂದಾಗಿ ಬೇರೆಯಾದವು. ಬೆಳಕು ಹಳದಿಯಾಗಿ, ಒಲೆಯ ಮುಂದೆ ಕೂತಾಗಿನ ಹಾಗೆ ಬೆಚ್ಚಗಿತ್ತು. ಮಿತವ್ಯಯದ ಬಗ್ಗೆ ನಾನು ಅಷ್ಟು ವಾದಿಸಿದ್ದೆನಲ್ಲ, ದೂರದಲ್ಲಿಟ್ಟ ದೊಡ್ಡ ದೀಪಕ್ಕಿಂತ ಹತ್ತಿರದಲ್ಲಿಟ್ಟ ಸಣ್ಣ ದೀಪವೇ ಆ ಕೆಲಸಕ್ಕೆ ಮಿತವ್ಯಯವೆಂಬುದು ಆ ಕೋಣೆಯಲ್ಲಿ ನನಗೆ ಹೊಳೆಯಿತು. ಇಡೀ ಸಂದಿಯನ್ನು ಬೆಳಗುವ ಅಗತ್ಯ ಯಾರಿಗೂ ಇರಲಿಲ್ಲ.

ಎಲ್ಲಿ ಕೂರಿಸಬೇಕೆಂಬುದರ ಬಗ್ಗೆ ಮತ್ತೆ ಮಾತಾಯಿತು. ಮೇಲಿನಿಂದ ಇಳಿಬಿಟ್ಟರೆ ಹಾಯುವವರ ತಲೆಗೆ ಬಡಿಯುತ್ತದೆಂದ ಅಣ್ಣ. "ನಿಮ್ಮ ತಲಿಗೆ ಬಡದ್ರ ಚಿಂತಿಲ್ಲ, ಬಲ್ಬು ಒಡದೀತು," ಎಂದು ವೈನಿ ಒಳಗಿನಿಂದ ಮೆಲ್ಲಗೆ ಅಂದರು. ಅಣ್ಣ ತಲೆ ಸವರಿಕೊಂಡ. ಕೊನೆಗೆ ಪಡಸಾಲೆಯ ಕದ ತೆರೆದಾಗ ಅದರ ಹಿಂದೆ ಮರೆಯಾಗುವ ಗೋಡೆಯಲ್ಲಿ, ಕೂತವರ ಭುಜದ ಎತ್ತರಕ್ಕೆ, ಹೋಲ್ಡರ್ ಕೂರಿಸಿದೆವು. ಎಣ್ಣೆಯ ಡಬ್ಬಿಯೊಂದನ್ನು ಸೀಳಿ, ಅದರ ಹೊಳೆಯುವ ಒಳಮೈ ಕೆಳಗಾಗುವಂತೆ ಬಾಗಿಸಿ, ಬಲ್ಬಿಗೆ ಮರೆಯಾಗಿ ಗೋಡೆಗೆ ಮೊಳೆ ಹೊಡೆದು ಕೂರಿಸಿದೆ. ಬೆಳಕು ತೊಡೆಯ ಮೇಲೆ ಬಿತ್ತು, ಮುಖ ಕತ್ತಲಲ್ಲಿ ಉಳಿಯಿತು. ಟ್ಯೂಬು ಪಡಸಾಲೆಗೆ ಹೋಯಿತು, ಅಲ್ಲಿದ್ದ ಅರವತ್ತರ ಬಲ್ಬು ಇಳಿಯಿತು.

"ಇನ್ನ ಮ್ಯಾಲ ನಾವ ಕಾಣೂಣು," ಎಂದ ಅಣ್ಣ.

ಅದು ನಿಜವೂ ಆಯಿತು. ಬಿಳಿಯ ಬೆಳಕಿನಲ್ಲಿ ಕೂತ ಗಂಡಸರ ಕಣ್ಣಿಗೆ ಸಂದಿ ಮೊದಲಿಗಿಂತ ಕತ್ತಲೆಯಾಗಿ ಕಾಣುತ್ತಿತ್ತು. ಮೀಟರು ಹೆಚ್ಚೇನೂ ಓಡಲಿಲ್ಲ. ತಂದೆಯವರು ಈಗ ಪಡಸಾಲೆಯಲ್ಲೇ ನಿಂತು, ಟ್ಯೂಬು ಮಿಣುಕುವುದನ್ನು ನಿಲ್ಲಿಸುವವರೆಗೆ ಕೈ ಜೋಡಿಸಿಕೊಂಡು ಕಾಯುತ್ತಿದ್ದರು.

ವೈನಿ ಮೊದಲ ದಿನ ಬರಲಿಲ್ಲ. ಎರಡು ದಿನ ಬಿಟ್ಟು, ಓದು ಅರ್ಧವಾದಾಗ, ಕದದ ಹಿಂದೆ ಬಟ್ಟೆಯ ಸರಸರ ಸದ್ದಾಯಿತು. ನಾನು ತಿರುಗಿ ನೋಡಲಿಲ್ಲ. ಹಿರಿಯರೊಬ್ಬರು ಪಡಸಾಲೆ ಏರಿದರು, ಒಳಗೆ ಯಾರೂ ಏಳಲಿಲ್ಲ. ತಂದೆಯವರು ಕಂಬಳಿಯ ಮೇಲೆ ತುಸು ಸರಿದು, ಸಂದಿಯ ಕಡೆಗೆ ಪೂರ್ತಿ ಬೆನ್ನು ಮಾಡಿ ಕೂತರು. ಅಂದಿನಿಂದ ಅವರ ಜಾಗ ಅದೇ ಆಯಿತು. ಕುಂಡ್ರು ಎಂಬ ಮಾತನ್ನು ಅವರು ಬದುಕಿರುವವರೆಗೆ ಆಡಲಿಲ್ಲ. ಅವರಿಂದ ಆದದ್ದು ಅಷ್ಟು.

ಕೂಸು ಹುಟ್ಟುವ ಮೊದಲೇ ಕೌದಿ ಮುಗಿಯಿತು. ಹಗಲು ಹೊತ್ತಿನಲ್ಲಿ ಅಂಗಳಕ್ಕೆ ಹಾಸಿದಾಗ, ನೀಲಿ ಇರಬೇಕಾದ ಕಡೆ ಎರಡು ಕರಿಯ ತುಂಡುಗಳು ಸೇರಿದ್ದು ಕಂಡಿತು. ಹಳದಿ ಬೆಳಕಿನಲ್ಲಿ ನೀಲಿಗೂ ಕಪ್ಪಿಗೂ ವ್ಯತ್ಯಾಸ ತಿಳಿಯುವುದಿಲ್ಲ. ವೈನಿ ಅವನ್ನು ಬಿಚ್ಚಲಿಲ್ಲ. "ದೃಷ್ಟಿ ಆಗೂದಿಲ್ಲ, ಇರಲಿ," ಎಂದರು. ನೆರೆಮನೆಯ ಇಬ್ಬರಲ್ಲಿ ಒಬ್ಬಾಕೆ ಮರಳಿ ಬಂದಳು. ಇನ್ನೊಬ್ಬಾಕೆ, ವಯಸ್ಸಾದವಳು, ಬರಲಿಲ್ಲ. ಕರೆಯಲು ಹೋದಾಗ ಹಿತ್ತಲಲ್ಲಿ ಹುಣಸೆ ಬಿಡಿಸುತ್ತ ಕೂತಿದ್ದಳು. "ಬರತೇನಪಾ, ನಾಳೆ ಬರತೇನಿ," ಎಂದಳು. ನಾನು ಹಲವು ಸಲ ಹೋದೆ, ಆಕೆ ಪ್ರತಿ ಸಲವೂ ಅದನ್ನೇ ಪ್ರೀತಿಯಿಂದ ಹೇಳಿದಳು. ಬರುವ ರೂಢಿ ಒಮ್ಮೆ ತಪ್ಪಿತ್ತು. ಅದನ್ನು ಮತ್ತೆ ಹಚ್ಚಲು ನನ್ನಲ್ಲಿ ಯಾವ ವಾದವೂ ಇರಲಿಲ್ಲ.

ವೈನಿ ಪಡಸಾಲೆಯಲ್ಲಿ, ಎಲ್ಲರ ನಡುವೆ, ಕೂಡಬೇಕಿತ್ತು ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. ತಗಡಿನ ಮರೆಯ ದೀಪವನ್ನು ಸುಧಾರಣೆ ಎಂದು ಕರೆಯಲು ನನಗೆ ಇಂದಿಗೂ ನಾಚಿಕೆಯಾಗುತ್ತದೆ. ಆಮೇಲೆ ಯಮನೂರಿನಲ್ಲಿ, ಅಣ್ಣಿಗೇರಿಯಲ್ಲಿ, ಕಲಘಟಗಿಯ ಹಳ್ಳಿಗಳಲ್ಲಿ ಎಷ್ಟೋ ಸಭೆಗಳಲ್ಲಿ ಮಾತನಾಡಿದ್ದೇನೆ. ಸಂಘಟಕರು ಉತ್ಸಾಹದಿಂದ ಹೆಂಗಸರು ಕೂತ ಕಡೆಗೆ ದೀಪ ತಿರುಗಿಸುತ್ತಾರೆ, ಹೆಂಗಸರು ಒಬ್ಬೊಬ್ಬರಾಗಿ ಕಂಬದ ಹಿಂದೆ ಸರಿಯುತ್ತಾರೆ. ದೀಪವನ್ನು ವೇದಿಕೆಯ ಕಡೆಗೇ ಇಡಿರೆಂದು ಹೇಳುತ್ತೇನೆ. ಕೆಲವರು ಅದನ್ನು ನನ್ನ ದೊಡ್ಡಸ್ತಿಕೆ ಎಂದುಕೊಂಡಿದ್ದಾರೆ. ವಿವರಿಸುವ ಶಕ್ತಿ ಎಲ್ಲ ಸಲವೂ ಇರುವುದಿಲ್ಲ.

ಓದುಗರಲ್ಲಿ ನನ್ನದೊಂದು ವಿನಂತಿ. ಮನೆಯ ನಡುಹಾದಿಗೆ ಹೊಸ ದೀಪ ತರಲು ಹೊರಡುವ ಮುನ್ನ, ಅಲ್ಲಿ ಸಂಜೆ ಕೂತು ಕೆಲಸ ಮಾಡುವವರು ಯಾರೆಂದು ತಿಳಿದುಕೊಳ್ಳಿರಿ. ಎಷ್ಟು ಬೆಳಕು ಬೇಕು, ಯಾವುದರ ಮೇಲೆ ಬೀಳಬೇಕು ಎಂದು ಅವರನ್ನೇ ಕೇಳಿರಿ. ಮೊದಲ ಸಲ ಬೇಡವೆಂದರೆ, ದಯವಿಟ್ಟು ಇನ್ನೊಮ್ಮೆ ಕೇಳಿರಿ.